ಒಣಗದೆಯೇ ಗಟ್ಟಿಯಾಗುವ ಹಿಟ್ಟು

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿ ಒಂದಿದೆ. ಹೋದ ಮಳೆಗಾಲದಲ್ಲಿ ಅದರ ಮುಚ್ಚಳ ಕೈಜಾರಿ, ಮೇಲಿನ ಹಿಡಿ ಮುರಿದುಹೋಯಿತು. ಮುರಿದ ತುಂಡು ಪುಡಿಪುಡಿ, ಅಂಟಿಸೋಣ ಅಂದರೆ ಅಂಟಿಸಲು ಏನೂ ಉಳಿದಿರಲಿಲ್ಲ. ಕೊನೆಗೆ ಎಪಾಕ್ಸಿ ಪುಟ್ಟಿ, ಅಂದರೆ ನಾವು ಎಂ-ಸೀಲ್ ಎನ್ನುವ ಆ ಹಿಟ್ಟಿನಂಥ ವಸ್ತು, ತಂದು ಹೊಸ ಹಿಡಿಯನ್ನೇ ಮಾಡಲು ಕುಳಿತೆ. ಅಮ್ಮ ಗಂಟೆಗೊಮ್ಮೆ ಬಂದು ಕೇಳುತ್ತಿದ್ದರು: "ಒಣಗಿತೇನೋ?"

ನಾವೆಲ್ಲ ಹಾಗೇ ಕೇಳುತ್ತೇವೆ, ಅಲ್ವಾ? ಸುಣ್ಣ ಒಣಗಿತಾ, ಬಣ್ಣ ಒಣಗಿತಾ, ಎಂ-ಸೀಲ್ ಒಣಗಿತಾ. ಆದರೆ ಈ ಪುಟ್ಟಿ ಒಣಗುವುದೇ ಇಲ್ಲ. ಅದರಲ್ಲಿ ಆರಿಹೋಗಲು ನೀರೇ ಇಲ್ಲ. ಬೇಕಿದ್ದರೆ ಪರೀಕ್ಷೆ ಮಾಡಿ ನೋಡಿ: ಚೆನ್ನಾಗಿ ಕಲಸಿದ ಒಂದು ಚಿಕ್ಕ ಉಂಡೆಯನ್ನು ನೀರಿನ ಲೋಟದಲ್ಲಿ ಹಾಕಿಡಿ. ಮಾರನೆಯ ದಿನ ಅದು ನೀರೊಳಗೇ ಕಲ್ಲಾಗಿರುತ್ತದೆ. ಅಲ್ಲಿ ನಡೆದದ್ದು ರಾಸಾಯನಿಕ ಕ್ರಿಯೆ. ಈ ಒಂದು ಮಾತು ಮನಸ್ಸಿಗೆ ಬಂದರೆ ಸಾಕು. ಪುಟ್ಟಿಯನ್ನು ಹೇಗೆ ಬಳಸಬೇಕು ಎನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ 'ಎಂ-ಸೀಲ್ ಕೊಡಿ' ಎಂದರೆ ಎರಡು ಬಣ್ಣದ ಎರಡು ಮೆತ್ತನೆಯ ಕಡ್ಡಿಗಳಿರುವ ಪೊಟ್ಟಣ ಸಿಗುತ್ತದೆ. ಅದು ಒಂದು ಬ್ರ್ಯಾಂಡಿನ ಹೆಸರು. ನಮ್ಮಲ್ಲಿ ಆ ಹೆಸರೇ ವಸ್ತುವಿಗೂ ಬಂದುಬಿಟ್ಟಿದೆ. ಒಂದು ಕಡ್ಡಿಯಲ್ಲಿ ಎಪಾಕ್ಸಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡರಲ್ಲೂ ಟಾಲ್ಕ್, ಸೀಮೆಸುಣ್ಣದಂಥ ನುಣ್ಣನೆಯ ಕಲ್ಲುಪುಡಿ ತುಂಬಿರುತ್ತದೆ. ಜೇನಿನಂತೆ ಹರಿಯಬೇಕಿದ್ದ ರಾಳ ರೊಟ್ಟಿ ಹಿಟ್ಟಿನ ಹದಕ್ಕೆ ಬಂದಿರುವುದು ಈ ಪುಡಿಯಿಂದಲೇ.

ಈಗ ರಾಳದ ಒಳಗೆ ಸ್ವಲ್ಪ ಇಣುಕೋಣ. ಅದರ ಅಣುವಿನ ಎರಡೂ ತುದಿಗಳಲ್ಲಿ ಒಂದೊಂದು ಪುಟ್ಟ ತ್ರಿಕೋನ ಇರುತ್ತದೆ: ಎರಡು ಇಂಗಾಲ, ಒಂದು ಆಮ್ಲಜನಕ. ಇಂಗಾಲದ ಬಂಧಗಳಿಗೆ ಸುಮಾರು 109 ಡಿಗ್ರಿ ಅಗಲವಾಗಿ ಕೈಚಾಚಿ ಕೂರುವುದು ಇಷ್ಟ. ಈ ತ್ರಿಕೋನದಲ್ಲಿ ಅವು 60 ಡಿಗ್ರಿಗೆ ಮುದುಡಿ ಕೂರಬೇಕಾಗಿದೆ. ಬಿದಿರಿನ ಸೀಳನ್ನು ಬಗ್ಗಿಸಿ ಹಗ್ಗ ಬಿಗಿದ ಬಿಲ್ಲಿನ ಹಾಗೆ. ಹಗ್ಗ ಯಾರಾದರೂ ಕತ್ತರಿಸಿದರೆ ಸಾಕು, ಚಟ್ಟನೆ ಬಿಚ್ಚಿಕೊಳ್ಳುತ್ತದೆ. ಆ ಕೆಲಸ ಮಾಡುವುದು ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ಸಾರಜನಕದ ಗುಂಪು. ಅದು ತ್ರಿಕೋನವನ್ನು ಬಿಚ್ಚಿ, ಬಿಚ್ಚಿದ ತುದಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ರಾಳದ ಅಣುವಿಗೆ ಎರಡು ಕೈ, ಹಾರ್ಡನರ್ ಅಣುವಿಗೆ ಅದಕ್ಕಿಂತ ಜಾಸ್ತಿ. ಕೈಗೆ ಕೈ ಕೂಡಿ ಎಲ್ಲ ದಿಕ್ಕಿಗೂ ಬಲೆ ಹಬ್ಬುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ನಿಮ್ಮ ಕೈಯಲ್ಲಿರುವ ಉಂಡೆಯ ರಾಳವೆಲ್ಲ ಹೆಚ್ಚುಕಡಿಮೆ ಒಂದೇ ದೈತ್ಯ ಅಣು! ನನಗೆ ಇದು ಇವತ್ತಿಗೂ ಬೆರಗು.

ಹಿಂದೆ ಇಂಥ ಕೆಲಸಕ್ಕೆ ಇದ್ದದ್ದು ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಯುವುದು ಅದರಿಂದಲೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ. ದೇವಸ್ಥಾನಗಳಲ್ಲಿ ವಿಗ್ರಹವನ್ನು ಪೀಠಕ್ಕೆ ಕೂರಿಸುವ ಅಷ್ಟಬಂಧವೂ ಒಂದು ಪುಟ್ಟಿಯೇ. ಅರಗು, ಜೇನುಮೇಣ, ಗುಗ್ಗುಳ, ಕಾವಿ, ಬೆಣ್ಣೆ ಮುಂತಾದವನ್ನು ಸೇರಿಸಿ, ಗಂಟೆಗಟ್ಟಲೆ ಕುಟ್ಟಿ ಹದ ಮಾಡುತ್ತಾರೆ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಅದನ್ನು ತೆಗೆದು ಹೊಸದಾಗಿ ಹಾಕುವ ಪದ್ಧತಿ ಇದೆ. ಅರಗಿನಲ್ಲಿ ಹೊಸ ಬಲೆ ಹೆಣೆಯುವ ಕೆಲಸ ಅಷ್ಟಾಗಿ ನಡೆಯುವುದಿಲ್ಲ. ಬಿಸಿಗೆ ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ, ಬೆಲ್ಲದ ಹಾಗೆ. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಕಥೆ ಗೊತ್ತಲ್ಲ. ಎಪಾಕ್ಸಿ ಹಾಗಲ್ಲ, ಬೇಯಿಸಿದ ಮೊಟ್ಟೆಯ ಹಾಗೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿಸಲಾಗದು. ಜಾಸ್ತಿ ಕಾಯಿಸಿದರೆ ಮೊದಲು ಸ್ವಲ್ಪ ಮೆತ್ತಗಾಗಿ, ಆಮೇಲೆ ಸುಟ್ಟುಹೋಗುತ್ತದೆ.

ಈ ರಾಳ ನಲ್ಲಿ ರಿಪೇರಿಗೆಂದು ಹುಟ್ಟಿದ್ದಲ್ಲ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾಂ ಎಂಬ ರಸಾಯನ ವಿಜ್ಞಾನಿ ಕಟ್ಟುಹಲ್ಲಿಗೆ ಒಳ್ಳೆಯ ವಸ್ತು ಹುಡುಕುತ್ತಿದ್ದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಬಣ್ಣದ ಉದ್ಯಮಕ್ಕಾಗಿ ಇಂಥದ್ದೇ ರಾಳದ ಮೇಲೆ ಕೆಲಸ ಮಾಡುತ್ತಿದ್ದರು. ಕಾಸ್ತಾಂ ಅವರ ಪೇಟೆಂಟನ್ನು ಬಾಸೆಲ್ ನಗರದ ಸೀಬಾ ಕಂಪನಿ ಪಡೆದುಕೊಂಡಿತು. 1946ರಲ್ಲಿ ಅರಾಲ್ಡೈಟ್ ಎಂಬ ಅಂಟು ಜನರ ಮುಂದೆ ಬಂತು. ಹಲ್ಲಿಗೆ ಈ ರಾಳ ಏಕೆ ಹೊಂದೀತು ಎಂದು ಊಹಿಸಬಹುದು. ಗಟ್ಟಿಯಾಗುವಾಗ ಅದರಿಂದ ನೀರಾಗಲಿ ಗಾಳಿಯಾಗಲಿ ಹೊರಗೆ ಹೋಗುವುದಿಲ್ಲ, ಹಾಗಾಗಿ ಕುಗ್ಗುವುದು ಬಹಳ ಕಡಿಮೆ. ಜೇಡಿಮಣ್ಣಿನ ಗೊಂಬೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಪುಟ್ಟಿಯಲ್ಲಿ ಮಾಡಿದ ಮೂಗು ಮಾಡಿದಷ್ಟೇ ದೊಡ್ಡದಾಗಿ ಉಳಿಯುತ್ತದೆ.

ಶಿಲ್ಪ ಮಾಡುವವರಿಗೆ ಇದು ಪ್ರಿಯವಾಗಿರುವುದೂ ಅದಕ್ಕೇ. ವೇಲ್ಸ್‌ನ ಡೊಲ್‌ಗೆತ್ಲೈ ಊರಿನ ಮಿಲ್ಲಿಪುಟ್ ಎಂಬ ಪುಟ್ಟಿ ಪ್ರಪಂಚದಾದ್ಯಂತ ಮಾದರಿ ತಯಾರಕರ ಮೇಜಿನ ಮೇಲಿದೆ. ಇನ್ನೊಂದು ನೀಲಿ ಮತ್ತು ಹಳದಿ ಪಟ್ಟಿಗಳ ಪುಟ್ಟಿ. ಕಲಸಿದರೆ ಹಸಿರಾಗುವುದರಿಂದ ಅದರ ಅಡ್ಡಹೆಸರೇ 'ಗ್ರೀನ್ ಸ್ಟಫ್'. ಸುಮಾರು 28 ಮಿಲಿಮೀಟರ್ ಎತ್ತರದ ಆಟದ ಸೈನಿಕರ ಮೂಲ ಗೊಂಬೆಗಳನ್ನು ಕಲಾವಿದರು ಅದರಲ್ಲೇ ತಿದ್ದುತ್ತಿದ್ದರು. ಆ ಬಣ್ಣ ಸುಮ್ನೆ ಚೆಂದಕ್ಕಲ್ಲ. ಎಲ್ಲಾದರೂ ನೀಲಿ ಅಥವಾ ಹಳದಿ ಗೆರೆ ಕಂಡರೆ ಅಲ್ಲಿ ಇನ್ನೂ ಕೈಗೆ ಕೈ ಸಿಕ್ಕಿಲ್ಲ ಎಂದರ್ಥ. ಅಂಗಡಿಯ ಪುಟ್ಟಿಯಲ್ಲೂ ಅಷ್ಟೇ, ಒಂದೇ ಬಣ್ಣ ಬರುವವರೆಗೆ ನಾದಲೇಬೇಕು.

'ಬೇಗ ಗಟ್ಟಿಯಾಗಲಿ' ಎಂದು ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕುವವರನ್ನು ನೋಡಿದ್ದೇನೆ. ಇದು ಹಾಲಿಗೆ ಹೆಪ್ಪು ಹಾಕಿದಂತಲ್ಲ. ಇಲ್ಲಿ ಹಾರ್ಡನರ್ ತಾನೇ ಬಲೆಯ ಅರ್ಧ ಭಾಗ. ಜಾಸ್ತಿ ಹಾಕಿದರೆ ಹಿಡಿಯಲು ಜೊತೆ ಸಿಗದ ಕೈಗಳು ಹಾಗೇ ಉಳಿಯುತ್ತವೆ, ಪುಟ್ಟಿ ಜಿಗುಟಾಗಿ ಸೊರಗುತ್ತದೆ. ಬೇಗ ಆಗಬೇಕಾದರೆ ಬೆಚ್ಚಗಿಡಿ. 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಆಗುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಮಡಿಕೇರಿಯ 20 ಡಿಗ್ರಿಗಿಂತ ನಾಲ್ಕು ಪಟ್ಟು ಬೇಗ. ಹಾಗಾಗಿ ಬೇಸಿಗೆಯಲ್ಲಿ ಚಿಕ್ಕ ಚಿಕ್ಕ ಉಂಡೆಯನ್ನೇ ಕಲಸಿಕೊಳ್ಳಿ. ಈ ಕ್ರಿಯೆ ತಾನೂ ಬಿಸಿ ಹುಟ್ಟಿಸುತ್ತದೆ, ದೊಡ್ಡ ಉಂಡೆ ಒಳಗೊಳಗೇ ಕಾದು ಬೇಗ ಕೈಕೊಡುತ್ತದೆ.

ನನ್ನ ಹಿಡಿಯ ಕೆಲಸ ಹೀಗೆ ನಡೆಯಿತು. ಮೊದಲು ಮುರಿದ ಜಾಗವನ್ನು ಉಪ್ಪು ಕಾಗದದಲ್ಲಿ ತಿಕ್ಕಿ ಒರಟು ಮಾಡಿದೆ. ಎಣ್ಣೆ ಜಿಡ್ಡು ಪೂರ್ತಿ ಹೋಗುವವರೆಗೆ ಸೋಪು ಹಾಕಿ ತೊಳೆದೆ. ಉಪ್ಪಿನಕಾಯಿ ಭರಣಿ ನೋಡಿ, ಮೂರು ಸಲ ತೊಳೆಯಬೇಕಾಯಿತು. ಗ್ಲೌಸ್ ಹಾಕಿಕೊಂಡು ಪುಟ್ಟಿ ಕಲಸಿದೆ. ಕಲಸಿದ ಕೂಡಲೇ ಅದು ತೀರಾ ಜಿಗುಟು. ಸ್ವಲ್ಪ ಹೊತ್ತು ಬಿಟ್ಟರೆ ಜೇಡಿಮಣ್ಣಿನ ಹದ ಬರುತ್ತದೆ, ಆಗ ತಿದ್ದಲು ಸೊಗಸು. ಆಮೇಲೆ ಚರ್ಮದ ಹಾಗೆ ಬಿಗಿಯಾಗುತ್ತದೆ. ಆ ಹೊತ್ತಿನಲ್ಲಿ ಚಾಕುವಿನಿಂದ ಚೂಪಾದ ಅಂಚು ಕೆತ್ತಬಹುದು. ಒದ್ದೆ ಬೆರಳಲ್ಲಿ ಸವರಿದರೆ ಮೇಲ್ಮೈ ನುಣುಪಾಗುತ್ತದೆ, ನೀರು ಬೆರಳಿಗೂ ಪುಟ್ಟಿಗೂ ನಡುವೆ ನಿಲ್ಲುವುದರಿಂದ ಅಂಟುವುದಿಲ್ಲ. ಆದರೆ ಎರಡು ಪದರಗಳ ನಡುವೆ ನೀರು ಸೇರಬಾರದು. ದೊಡ್ಡ ಬೊಂಬೆಯಾದರೆ ಒಳಗೆ ತಂತಿ, ಅದಕ್ಕೆ ಸುತ್ತಿದ ಅಲ್ಯುಮಿನಿಯಂ ಹಾಳೆ. ಮೇಲೆ ತೆಳುವಾಗಿ ಪದರ ಪದರವಾಗಿ ಪುಟ್ಟಿ.

ಯಾವುದಕ್ಕೆ ಅಂಟುತ್ತದೆ, ಯಾವುದಕ್ಕೆ ಇಲ್ಲ? ತ್ರಿಕೋನ ಬಿಚ್ಚಿದಾಗ ಅಲ್ಲಿ ಆಮ್ಲಜನಕ ಮತ್ತು ಜಲಜನಕದ ಜೋಡಿಯೊಂದು ಹುಟ್ಟುತ್ತದೆ. ಅದು ಪಿಂಗಾಣಿ, ಗಾಜು, ಕಬ್ಬಿಣ, ಕಲ್ಲು ಇವುಗಳ ಮೇಲ್ಮೈಯನ್ನು ಆಸೆಯಿಂದ ಹಿಡಿಯುತ್ತದೆ. ನೀರಿನ ಕೊಡ, ಬಕೆಟ್, ಮನೆ ಮೇಲಿನ ಕಪ್ಪು ಟ್ಯಾಂಕು ಸಾಮಾನ್ಯವಾಗಿ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಅವು ಗುಣದಲ್ಲಿ ಮೇಣದ ಸಂಬಂಧಿಗಳು, ಹಿಡಿಯಲು ಅಲ್ಲಿ ಏನೂ ಇಲ್ಲ. ಎಷ್ಟೇ ಒತ್ತಿ ಮೆತ್ತಿದರೂ ಒಂದು ದಿನ ಬಿಲ್ಲೆಯ ಹಾಗೆ ಇಡಿಯಾಗಿ ಎದ್ದುಬರುತ್ತದೆ. ಪಿವಿಸಿ ಪೈಪು ಪರವಾಗಿಲ್ಲ, ತಿಕ್ಕಿ ಒರಟು ಮಾಡಿದರೆ ಹಿಡಿಯುತ್ತದೆ. ನೀರೊಳಗೂ ಗಟ್ಟಿಯಾಗುತ್ತದೆ ಎಂದೆನಲ್ಲ, ಹಾಗಂತ ಚಿಮ್ಮುವ ಪೈಪಿಗೆ ಮೆತ್ತಬೇಡಿ. ಗಟ್ಟಿಯಾಗುವುದು ಬೇರೆ, ಅಂಟುವುದು ಬೇರೆ. ನೀರು ನಿಲ್ಲಿಸಿ, ಒರೆಸಿ, ಆಮೇಲೆ ಹಾಕಿ. ಬಿಸಿಲಿಗೆ ಇದು ಹಳದಿಯಾಗಿ ಪುಡಿ ಬಿಡುತ್ತದೆ, ಹೊರಗಿನ ಕೆಲಸಕ್ಕೆ ಮೇಲೆ ಬಣ್ಣ ಬೇಕು. ಒಲೆಯ ಮೇಲಿಡುವ ಪಾತ್ರೆಗೆ, ಊಟ ಮುಟ್ಟುವ ಜಾಗಕ್ಕೆ ಖಂಡಿತ ಬೇಡ.

ಕೈಯ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಬರಿಗೈಯಲ್ಲಿ ನಾದುವುದು ನಮ್ಮಲ್ಲಿ ರೂಢಿ. ಪ್ಲಂಬರ್‌ಗಳು ದಿನಾ ಹಾಗೇ ಮಾಡುತ್ತಾರೆ, ಕ್ರಾಫ್ಟ್ ಕಲಿಯುವ ಮಕ್ಕಳೂ ಸಹ. ಗಟ್ಟಿಯಾಗದ ರಾಳ, ಹಾರ್ಡನರ್ ಎರಡೂ ಚರ್ಮಕ್ಕೆ ಅಲರ್ಜಿ ತರಬಲ್ಲವು. ಹತ್ತು ಸಲ ಏನೂ ಆಗದಿರಬಹುದು. ಹನ್ನೊಂದನೆಯ ಸಲ ದೇಹ ಅದನ್ನು ಗುರುತಿಸಿಬಿಟ್ಟರೆ ಆಮೇಲೆ ಚಿಟಿಕೆಯಷ್ಟು ತಾಗಿದರೂ ತುರಿಕೆ, ಗುಳ್ಳೆ. ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೈಯಿಂದಲೇ ಅನ್ನ ದುಡಿಯುವವರಿಗೆ ಇದು ಚಿಕ್ಕ ಮಾತಲ್ಲ. ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಹಾಕಿಕೊಳ್ಳಿ. ನಿಮ್ಮ ಮನೆಗೆ ಬಂದ ಪ್ಲಂಬರಿಗೂ ಒಂದು ಜೊತೆ ಕೊಡಿ. ಗಟ್ಟಿಯಾದ ಮೇಲೆ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳಗೆ ಹೋಗಬಾರದು.

ಭರಣಿಯ ಹಿಡಿಯನ್ನು ಒಂದು ರಾತ್ರಿ, ಒಂದು ಹಗಲು ಮುಟ್ಟದೆ ಬಿಟ್ಟೆ. ಆಮೇಲೆ ನಯವಾಗಿ ಉಜ್ಜಿ, ಕಂದು ಬಣ್ಣ ಹಚ್ಚಿದೆ. ಪಿಂಗಾಣಿಯ ಹೊಳಪು ಬರಲಿಲ್ಲ, ಉಗುರು ಆಡಿಸಿದರೆ ಹಳೆಯದು ಮುಗಿದು ಹೊಸದು ಶುರುವಾಗುವ ಗೆರೆ ಸಿಗುತ್ತದೆ. ಈ ಸಲದ ಮಾವಿನಮಿಡಿಗೆ ಅಮ್ಮ ಅದೇ ಭರಣಿ ಇಳಿಸಿದರು. ಹಿಡಿ ಹಿಡಿದು ಮುಚ್ಚಳ ಎತ್ತಿ, ಒಮ್ಮೆ ಅಲ್ಲಾಡಿಸಿ ನೋಡಿ, ಮಿಡಿ ತುಂಬಿಸಲು ಕುಳಿತರು.