ಎಂಟು ಹಾಕಿದರೆ ಸಾಲದು, ನಿಲ್ಲಿಸಲೂ ಬರಬೇಕು

ಮೋಟಾರ್ ಸೈಕಲ್ ಪರವಾನಗಿಯ ಪರೀಕ್ಷೆ ಎಷ್ಟು ಬಿಗಿಯಾಗಿರಬೇಕು ಎಂದು ಮೈಸೂರಿನಲ್ಲಿ ಸವಾರಿ ಕಲಿಸುವ ನನ್ನನ್ನು ಅನೇಕ ಪೋಷಕರು ಕೇಳುತ್ತಾರೆ. ಈಗಿರುವುದಕ್ಕಿಂತ ಬಿಗಿಯಾಗಬೇಕು, ಅದರಲ್ಲೂ ಮುಖ್ಯವಾಗಿ ಬ್ರೇಕಿನ ವಿಷಯದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಟರ ಆಕಾರದ ಪಥದಲ್ಲಿ ಕಾಲೂರದೆ ಸುತ್ತಿ ಬರುವವರಿಗೆ ಕ್ಲಚ್ ಮತ್ತು ಸಮತೋಲನದ ಮೇಲೆ ಹಿಡಿತವಿದೆ ಎಂದು ತಿಳಿಯುತ್ತದೆ. ಅದು ಬೇಕಾದ ಕೌಶಲವೇ ಹೌದು. ಆದರೆ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಮಾತ್ರ ಅದರ ಪರೀಕ್ಷೆ ನಡೆಯುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಮಂದಿಯಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುವುದರಿಂದ, ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುವ ಕಾರಣ, ಬೈಕನ್ನು ನಿಲ್ಲಿಸುವ ಬಲದ ಬಹುಪಾಲು ಮುಂದಿನ ಚಕ್ರದಿಂದಲೇ ಬರುತ್ತದೆ. ಆದರೆ ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವರು ಗಾಬರಿಯಲ್ಲಿ ಹಿಂದಿನ ಬ್ರೇಕನ್ನಷ್ಟೇ ತುಳಿಯುತ್ತಾರೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಬೈಕಿನಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ. ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದು, ಮುಂದಿನದನ್ನು ಹಂತಹಂತವಾಗಿ ಬಿಗಿಗೊಳಿಸುವುದು ಅಭ್ಯಾಸದಿಂದ ಮಾತ್ರ ಕೈಗೆ ಬರುವ ಕೆಲಸ, ಮತ್ತು ಪರೀಕ್ಷೆಯಲ್ಲಿ ಕೇಳದಿದ್ದರೆ ಹೆಚ್ಚಿನವರು ಅದನ್ನು ಅಭ್ಯಾಸ ಮಾಡುವುದೇ ಇಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ, ತುರ್ತು ಸಂದರ್ಭದಲ್ಲಿ ವಾಹನ ನಿಲ್ಲಿಸುವ ಸಾಮರ್ಥ್ಯವನ್ನು ಅಭ್ಯರ್ಥಿ ತೋರಿಸಬೇಕೆಂದು ಆಗಲೇ ಹೇಳಿದೆ. ಬ್ರಿಟನ್ನಿನಲ್ಲಿ ಸುಮಾರು 50 ಕಿ.ಮೀ. ವೇಗದಿಂದ ಹಠಾತ್ತನೆ ನಿಲ್ಲಿಸಿ ತೋರಿಸಿದವರು ಮಾತ್ರ ರಸ್ತೆಯ ಪರೀಕ್ಷೆಗೆ ಹೋಗುತ್ತಾರೆ. ಅಲ್ಲಿ ಪರೀಕ್ಷಕರು ಹಿಂದೆಯೇ ಬರುತ್ತ ರೇಡಿಯೊದಲ್ಲಿ ಸೂಚನೆ ಕೊಡುತ್ತಾರೆ.

ನಮ್ಮಲ್ಲೂ ರಸ್ತೆಯ ಭಾಗ ಬೇಕು. ಮೈಸೂರಿನ ವೃತ್ತಗಳಲ್ಲಿ ಒಳಗಿರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಖಾಲಿ ಮೈದಾನದಲ್ಲಿ ಕಲಿಯುವ ವಿಷಯವಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದ ಕಾರಣ, ಮಂಡ್ಯದ ಸವಾರರು ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳ ನಡುವೆಯೇ ಸಾಗಬೇಕು. ಕಬ್ಬು ಅರೆಯುವ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಎದುರಾಗುತ್ತದೆ. ಅಲ್ಲಿ ಉಳಿಸುವುದು ದೂರದ ನೋಟ ಮತ್ತು ಬ್ರೇಕು.

ಪರೀಕ್ಷೆ ಬಿಗಿಯಾದರೆ ಡೇರಿಗೆ ಹಾಲು ಒಯ್ಯುವ ರೈತ ಪರವಾನಗಿಯ ಗೊಡವೆಗೇ ಹೋಗುವುದಿಲ್ಲ ಎಂಬ ಆತಂಕ ನ್ಯಾಯವಾದದ್ದು. ಆದ್ದರಿಂದ ಅನುತ್ತೀರ್ಣರಾದವರಿಗೆ ಎಲ್ಲಿ ತಪ್ಪಾಯಿತೆಂದು ಬರೆದು ಕೊಡಬೇಕು, ಮರುಪರೀಕ್ಷೆಗೆ ಮತ್ತೆ ಶುಲ್ಕ ಕೇಳಬಾರದು ಮತ್ತು ತಾಲ್ಲೂಕು ಕೇಂದ್ರಗಳಲ್ಲೇ ಬ್ರೇಕಿನ ಅಭ್ಯಾಸಕ್ಕೆ ಜಾಗ ಸಿಗಬೇಕು. ಇದರಿಂದ ಪ್ರತಿ ಅಭ್ಯರ್ಥಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಅದಕ್ಕೆ ಬೇಕಾದಷ್ಟು ಮೋಟಾರು ವಾಹನ ನಿರೀಕ್ಷಕರನ್ನು ನೇಮಿಸುವುದು ಸರ್ಕಾರದ ಹೊಣೆ.