ಕೀಳುವ ಮುಂಚೆ ಅದು ನಡೆಯುತ್ತದಾ ನೋಡಿ

ಫೆಬ್ರವರಿ ಕಳೆದು ಬಿಸಿಲು ಏರಿತೆಂದರೆ ನನ್ನ ಫೋನಿಗೆ ದಾಸವಾಳದ ಫೋಟೋಗಳು ಬರೋಕೆ ಶುರು. ಮೈಸೂರಿನ ಕುವೆಂಪುನಗರ, ವಿಜಯನಗರ, ಸರಸ್ವತಿಪುರಂ, ಎಲ್ಲ ಕಡೆಯಿಂದಲೂ ಒಂದೇ ಥರದ ಫೋಟೋ. ಮುದುರಿದ ಚಿಗುರು, ಅದರ ಮೇಲೆ ಬಿಳಿ ಹತ್ತಿಯಂಥದ್ದು. "ಸಾರ್, ಕೆಮಿಕಲ್ ಬೇಡ. ನ್ಯಾಚುರಲ್ಲಾಗಿ ಏನು ಹೊಡೀಲಿ?" ಅಂತ ಕೇಳುತ್ತಾರೆ.

ವಿಷ ಬೇಡ ಅನ್ನುವ ಮನಸ್ಸು ದೊಡ್ಡದು, ಅದು ನನಗೆ ಖುಷಿ. ಆದರೆ 'ಏನು ಹೊಡೀಲಿ' ಅನ್ನೋದನ್ನು ಕೇಳಿ ಕೇಳಿ ಸಾಕಾಗಿದೆ. ಗಿಡದ ಮೇಲೆ ಏನಿದೆ ಅಂತ ನೋಡಿದ್ದೀರಾ ಅಂದರೆ ಹೆಚ್ಚಿನವರು ನೋಡಿರುವುದಿಲ್ಲ. ಬಿಳಿ ಕಂಡಿತು, ಅಷ್ಟೇ.

ಹೋದ ವರ್ಷ ಸರಸ್ವತಿಪುರಂನ ಒಂದು ಮನೆಗೆ ಹೋಗಿದ್ದೆ. ನಿವೃತ್ತ ಟೀಚರಮ್ಮ. ಅವರ ದೇವರಿಗೆ ದಿನಾ ಹೂವು ಸಿಗುವುದು ಕಾಂಪೌಂಡ್ ಪಕ್ಕದ ಒಂದೇ ಒಂದು ಕೆಂಪು ದಾಸವಾಳದಿಂದ. ನನಗೆ ಕಾಫಿ ಕೊಟ್ಟು, ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲು ತಂದಿಟ್ಟರು. ಸೋಪಿನ ನೀರಿನಲ್ಲಿ ಇಪ್ಪತ್ತು ಇಪ್ಪತ್ತೈದು ಬಿಳಿ ಹುಳ. "ನೋಡಪ್ಪ, ಔಷಧಿ ಹೊಡೆದಿಲ್ಲ. ಕನ್ನಡಕ ಹಾಕ್ಕೊಂಡು ದೊಡ್ಡ ದೊಡ್ಡವನ್ನೇ ಹುಡುಕಿ ಕಿತ್ತಿದ್ದೀನಿ. ಆದ್ರೂ ಜಾಸ್ತಿ ಆಗ್ತಾನೇ ಇದೆ."

ಭೂತಗನ್ನಡಿ ಹಿಡಿದು ನೋಡಿದೆ. ಚಿಗುರಿನ ರಸ ಹೀರಿ ಮುದುರಿಸುವ ಆ ಬಿಳಿ ಕೀಟ ಹಿಟ್ಟು ತಿಗಣೆ, ಅಂದರೆ ಮೀಲಿಬಗ್. ಬಟ್ಟಲಲ್ಲಿ ಅದು ಒಂದೇ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಹಿಟ್ಟು ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳದ (ಲೇಡಿಬರ್ಡ್) ಮರಿಗಳು. ಪಾಪ, ಹೇಳೋಕೆ ಬಾಯಿ ಬರಲಿಲ್ಲ. ಆದರೂ ಹೇಳಿದೆ.

ಈ ಒಂದು ವಿಷಯ ಮಾತ್ರ ನಿಧಾನವಾಗಿ ಓದಿ. ಈ ಗುಲಗಂಜಿ ಹುಳದ ಹೆಸರು ಕ್ರಿಪ್ಟೋಲೀಮಸ್. 1898ರಲ್ಲಿ ಕಾಫಿ ಗಿಡದ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತಂದದ್ದು, ದಕ್ಷಿಣ ಭಾರತದಲ್ಲಿ ಹಿಟ್ಟು ತಿಗಣೆ ತಿಂದುಕೊಂಡು ಇಲ್ಲಿಯದೇ ಆಗಿಬಿಟ್ಟಿದೆ. ದೊಡ್ಡ ಹುಳ ಸಾಸಿವೆಗಿಂತ ಸ್ವಲ್ಪ ದಪ್ಪ. ಬೆನ್ನು ಕಪ್ಪು, ತಲೆ ಕಿತ್ತಳೆ ಬಣ್ಣ. ಅದನ್ನು ಯಾರೂ ಕೊಲ್ಲುವುದಿಲ್ಲ. ತೊಂದರೆ ಮರಿಯದ್ದು. ಮರಿಯ ಮೈಮೇಲೂ ಹಿಟ್ಟು ತಿಗಣೆಯ ಹಾಗೇ ಬಿಳಿ ಮೇಣ. ಮೇಲಿಂದ ನೋಡಿದರೆ 'ಅಯ್ಯೋ, ಇದು ಇನ್ನೂ ದೊಡ್ಡದು' ಅನಿಸುತ್ತದೆ, ಕೈ ಮೊದಲು ಅದರ ಮೇಲೇ ಹೋಗುತ್ತದೆ.

ವ್ಯತ್ಯಾಸ ಹೀಗೆ. ಹಿಟ್ಟು ತಿಗಣೆ ಮೂರು ಮಿಲಿಮೀಟರ್ ಆಸುಪಾಸು, ಅಕ್ಕಿನುಚ್ಚಿನಷ್ಟು. ಗುಂಪಾಗಿ ಅಂಟಿಕೊಂಡಿರುತ್ತದೆ. ಮರಿ ಬೆಳೆದರೆ ಒಂದು ಸೆಂಟಿಮೀಟರ್ ದಾಟುತ್ತದೆ, ಮೈಮೇಲಿನ ಬಿಳಿ ಎಳೆಗಳು ಉದ್ದ, ಕೆದರಿದ ಕೂದಲಿನ ಹಾಗೆ. ಅನುಮಾನ ಬಂದರೆ ಪೊರಕೆ ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿ. ಹಿಟ್ಟು ತಿಗಣೆ ಸೂಜಿಯಂಥ ಬಾಯಿಯನ್ನು ಗಿಡಕ್ಕೆ ಚುಚ್ಚಿ ರಸ ಹೀರುತ್ತಾ ಕೂತಿರುತ್ತದೆ, ಸುಲಭಕ್ಕೆ ಕದಲುವುದಿಲ್ಲ. ಮರಿ ಸರಸರ ನಡೆದುಬಿಡುತ್ತದೆ. ನಡೆದರೆ ಬಿಟ್ಟುಬಿಡಿ, ಅದು ನೂರಾರು ತಿಗಣೆ ತಿನ್ನುತ್ತದೆ.

ಇದಾದ ಮೇಲೂ ಕೇಳುತ್ತಾರೆ, "ಬೇವಿನೆಣ್ಣೆ ಹೊಡೆದರೆ ಪರವಾಗಿಲ್ಲ ಅಲ್ವಾ ಸಾರ್, ನ್ಯಾಚುರಲ್ಲು?" ಪರವಾಗಿಲ್ಲ ಅಂತ ಸುಮ್ನೆ ಹೇಳಲಾರೆ. ಬೇವಿನೆಣ್ಣೆಗೂ ಸೋಪಿನ ನೀರಿಗೂ ಯಾವುದು ತಿಗಣೆ, ಯಾವುದು ಗುಲಗಂಜಿ ಮರಿ ಅಂತ ಗೊತ್ತಾಗುವುದಿಲ್ಲ. ತಿಗಣೆಯ ಮೊಟ್ಟೆ ಹತ್ತಿಯಂಥ ಚೀಲದಲ್ಲಿರುತ್ತದೆ. ದಾಸವಾಳದ ತಿಗಣೆ ಒಂದೇ ಚೀಲದಲ್ಲಿ 150ರಿಂದ 600 ಮೊಟ್ಟೆ ಇಡುತ್ತದೆ, ಆ ಮೇಣದೊಳಕ್ಕೆ ನೀರು ಇಳಿಯುವುದೇ ಕಷ್ಟ. ತಿಗಣೆಯ ಮೊಟ್ಟೆ ಉಳಿಯಿತು, ಗುಲಗಂಜಿ ಮರಿ ಸತ್ತಿತು ಅಂದರೆ ಮುಂದಿನ ತಿಂಗಳು ಯಾರದು ಜಾಸ್ತಿ ಆಗುತ್ತದೆ, ಲೆಕ್ಕ ಹಾಕಿ. ಗುಲಗಂಜಿ ಮರಿ ಒಂದೂ ಇಲ್ಲ, ತಿಗಣೆ ವಿಪರೀತ ಅಂತಾದರೆ ಮಾತ್ರ ಲೀಟರ್ ನೀರಿಗೆ 3ರಿಂದ 5 ಎಂಎಲ್ ಬೇವಿನೆಣ್ಣೆ, ಬೆರೆಯುವಷ್ಟು ಸೋಪು, ಸಂಜೆ ಹೊತ್ತು, ಎಲೆಯ ಅಡಿಗೆ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾಯಿರಿ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರು ತಂಬಾಕಿನ ಕಷಾಯ ಹೇಳಿಕೊಡುತ್ತಾರೆ. ಅದನ್ನು ಮಾಡಲೇಬೇಡಿ. ತಂಬಾಕು ಗಿಡದಿಂದ ಬಂದರೂ ನಿಕೋಟಿನ್ ವಿಷವೇ. ಚರ್ಮದಿಂದಲೂ ಮೈಗೆ ಸೇರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಮಂಡ್ಯದ ರೇಷ್ಮೆ ರೈತರಿಗೆ ನಾನು ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಬೇಕಿಲ್ಲ. ಸೊಪ್ಪಿನಲ್ಲಿ ಔಷಧಿ ಉಳಿದರೆ ಮನೆಯಲ್ಲಿರುವ ಹುಳ ಸಾಯುತ್ತದೆ ಅನ್ನುವುದು ಅವರಿಗೆ ಅನುಭವದ ಮಾತು. ಹಿಪ್ಪುನೇರಳೆಯ ಚಿಗುರು ಮುದುರುವ ತುಕ್ರಾ ರೋಗಕ್ಕೂ ಇದೇ ದಾಸವಾಳದ ತಿಗಣೆ ಕಾರಣ. ಮೈಸೂರಿನ ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಅದಕ್ಕೆ ಗುಲಗಂಜಿ ಹುಳ ಬಿಡಲು ಹೇಳುತ್ತಾರೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಕಾಣಿಸಿ, ಆಮೇಲೆ ನಮ್ಮ ಕಡೆಯ ಹಿಪ್ಪುನೇರಳೆಗೂ ಬಂದಾಗ ಯಾವ ಔಷಧಿಗೂ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬಿಟ್ಟ ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಕಣಜ ಅದನ್ನು ಬಗ್ಗಿಸಿತು.

ಮನೆಯಲ್ಲಿ ನೀವು ಮಾಡಬೇಕಾದ್ದು ಇರುವೆಯನ್ನು ತಡೆಯುವ ಕೆಲಸ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಂತು ಗುಲಗಂಜಿ ಹುಳವನ್ನು ಓಡಿಸುತ್ತವೆ. ಬುಡದ ಕಾಂಡಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಗ್ರೀಸ್ ಹಚ್ಚಿ. ನೇರ ತೊಗಟೆಗೆ ಹಚ್ಚಬೇಡಿ. ಗೋಡೆಗೆ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಗೋಡೆಯಿಂದ ಬರುತ್ತದೆ. ತೀರಾ ಮುದುರಿದ ಚಿಗುರಿನಲ್ಲಿ ಮರಿ ಇಲ್ಲ ಅಂತ ನೋಡಿಕೊಂಡು ಚಿವುಟಿ, ಕವರಿನಲ್ಲಿ ಕಟ್ಟಿ ಬಿಸಾಕಿ.

ಟೀಚರಮ್ಮನ ಗಿಡಕ್ಕೂ ಬಟ್ಟೆ ಸುತ್ತಿ ಬಂದೆ. ಒಂದೂವರೆ ತಿಂಗಳಾದ ಮೇಲೆ ಅವರಿಂದ ಫೋಟೋ ಬಂತು. ಮೊಗ್ಗಿನ ತೊಟ್ಟಿನ ಮೇಲೆ ಕಿತ್ತಳೆ ತಲೆಯ ಕಪ್ಪು ಹುಳ. ಕೆಳಗೆ ಬರೆದಿದ್ದರು: "ಇದು ಅದೇನಾಪ್ಪ? ಈ ಕೊಂಬೆಯ ಹೂವು ಕೀಳ್ತಾ ಇಲ್ಲ."