ಊರು ಒಬ್ಬರದು, ಅಧಿಕಾರ ಇನ್ನೊಬ್ಬರದು: ತಬ್ರೀಜ್‌ನಲ್ಲಿ ಕಾನ್ಸುಲ್ ಕೆಲಸ

ಯುದ್ಧದಲ್ಲಿ ಒಂದು ಪ್ರಾಂತ್ಯವನ್ನು ಬೇರೆ ದೇಶದ ಸೇನೆ ಹಿಡಿದುಕೊಂಡರೆ ಅಲ್ಲಿರುವ ಕಾನ್ಸುಲೇಟ್‌ಗಳು ಬಾಗಿಲು ಹಾಕಿಕೊಂಡು ಹೋಗುತ್ತವಾ ಅಂತ ಜನ ಆಗಾಗ ಕೇಳುತ್ತಾರೆ. ಎಲ್ಲ ಸಲ ಇಲ್ಲ. ಎಷ್ಟೋ ಸಲ ಅಲ್ಲೇ ಇರುತ್ತವೆ, ಕೆಲಸ ಜಾಸ್ತಿಯೇ ಆಗುತ್ತದೆ. ನಾನು ಕಾನ್ಸುಲರ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ವಿವರಿಸಬೇಕಾದಾಗ ನಾನು ಹೇಳುತ್ತಿದ್ದದ್ದು ಇರಾನಿನ ತಬ್ರೀಜ್ ಕಥೆ.

ಮೊದಲು ಒಂದು ಮೂಲ ವಿಷಯ. ರಾಯಭಾರಿ ರಾಜಧಾನಿಯಲ್ಲಿ ಕೂತು ಸರ್ಕಾರದ ಜೊತೆ ಮಾತಾಡುತ್ತಾರೆ. ಕಾನ್ಸುಲ್ ಅಂದರೆ ಬೇರೆ ದೇಶದ ಒಂದು ಊರಲ್ಲಿ ಕೂತು ತನ್ನ ದೇಶದವರ ಕೆಲಸ ನೋಡಿಕೊಳ್ಳುವ ಅಧಿಕಾರಿ. ಕಾನ್ಸುಲ್ ಹತ್ತಿರ ಬರುವವರು ಪಾಸ್‌ಪೋರ್ಟ್ ಕಳೆದುಕೊಂಡವರು, ಲಾಕಪ್‌ನಲ್ಲಿ ಇರುವವರ ಮನೆಯವರು, ಮೃತದೇಹ ಊರಿಗೆ ಕಳಿಸಬೇಕಾದವರು, ಕಸ್ಟಮ್ಸ್‌ನಲ್ಲಿ ಸರಕು ಸಿಕ್ಕಿಬಿದ್ದ ವ್ಯಾಪಾರಿಗಳು. ಇವರ ಕೆಲಸ ಆಗಬೇಕಾದರೆ ಊರಿನ ಪೊಲೀಸ್ ಠಾಣೆಯಲ್ಲಿ, ಸುಂಕದ ಕಟ್ಟೆಯಲ್ಲಿ, ಆಸ್ಪತ್ರೆಯಲ್ಲಿ ನಾಲ್ಕು ಜನ ಪರಿಚಯ ಇರಬೇಕು. ಆದರೆ ಕಾನ್ಸುಲ್‌ಗೆ ಆ ಊರಲ್ಲಿ ಕೆಲಸ ಮಾಡಲು ಅನುಮತಿ ಕೊಡುವುದು ರಾಜಧಾನಿಯ ಸರ್ಕಾರ. ಶಾಂತಿಕಾಲದಲ್ಲಿ ಇವೆರಡೂ ಒಂದೇ ಸರ್ಕಾರದ ಎರಡು ತುದಿ. ಸೇನೆ ನುಗ್ಗಿದ ದಿನದಿಂದ ಬೇರೆ ಬೇರೆ.

1941ರ ಆಗಸ್ಟ್ 25ರಂದು ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಎರಡೂ ಕಡೆಯಿಂದ ಇರಾನಿಗೆ ನುಗ್ಗಿದವು. ದಕ್ಷಿಣ ಮತ್ತು ಪಶ್ಚಿಮದಿಂದ ಹೋದ ಪಡೆಯಲ್ಲಿ ಭಾರತೀಯ ಸೇನೆಯ 8 ಮತ್ತು 10ನೇ ಡಿವಿಜನ್‌ಗಳಿದ್ದವು, ಎಣ್ಣೆ ಶುದ್ಧೀಕರಣದ ಊರು ಅಬಾದಾನ್ ಹಿಡಿದದ್ದು ನಮ್ಮವರೇ. ಉತ್ತರ ಭಾಗ ಸೋವಿಯತ್ ಕೈಗೆ ಹೋಯಿತು, ಅದರಲ್ಲಿ ತಬ್ರೀಜ್ ಇರುವ ಅಜೆರ್ಬೈಜಾನ್ ಪ್ರಾಂತ್ಯವೂ ಇತ್ತು (ಗಡಿಯಾಚೆ ಇದೇ ಹೆಸರಿನ ಸೋವಿಯತ್ ಗಣರಾಜ್ಯವಿತ್ತು, ಅದು ಬೇರೆ). ಸೆಪ್ಟೆಂಬರ್ 16ಕ್ಕೆ ರೆಜಾ ಶಾ ಗದ್ದುಗೆ ಬಿಟ್ಟು ಮಗನನ್ನು ಕೂರಿಸಿದ. 1942ರ ಜನವರಿಯಲ್ಲಿ ಮೂರೂ ದೇಶಗಳು ಒಪ್ಪಂದ ಮಾಡಿಕೊಂಡವು: ಇರಾನ್ ಇರಾನಾಗಿಯೇ ಇರುತ್ತದೆ, ಯುದ್ಧ ಮುಗಿದು ಆರು ತಿಂಗಳೊಳಗೆ ಹೊರಗಿನ ಸೇನೆಗಳು ಖಾಲಿ ಮಾಡಬೇಕು. ಕಾಗದದ ಮೇಲೆ ಅದು ಸೇನೆಯ ಹಿಡಿತವೇ ಅಲ್ಲ. ತಬ್ರೀಜ್‌ನ ಕಾನ್ಸುಲ್‌ಗೆ ಈ ಕಾಗದ ಎಷ್ಟು ಉಪಯೋಗಕ್ಕೆ ಬಂದಿರಬಹುದು ಊಹಿಸಿ. ಟೆಹ್ರಾನ್‌ಗೆ ಹೋಗಿಬರಬೇಕಾದರೂ ಸೋವಿಯತ್ ರಹದಾರಿ ಬೇಕಿತ್ತು, ಅದೂ ಇರಾನಿನ ನೆಲದಲ್ಲಿ, ಇರಾನ್ ಸರ್ಕಾರದ ಅನುಮತಿ ಜೇಬಿನಲ್ಲಿದ್ದಾಗ.

ಪೂರ್ವದ ಮಶದ್‌ನಲ್ಲೂ ಇದೇ ಸ್ಥಿತಿ. ಅಲ್ಲಿ ಬ್ರಿಟಿಷ್ ಕಾನ್ಸುಲ್ ಜನರಲ್ ಆಗಿದ್ದ ಕ್ಲಾರ್ಮಂಟ್ ಸ್ಕ್ರೈನ್, ಬ್ರಿಟಿಷ್ ಭಾರತದ ರಾಜತಾಂತ್ರಿಕ ಸೇವೆಯಾದ ಪೊಲಿಟಿಕಲ್ ಸರ್ವಿಸ್‌ನಿಂದ ಹೋದವರು. ಇರಾನಿನ ಪೂರ್ವ ಮತ್ತು ದಕ್ಷಿಣದ ಕಾನ್ಸುಲೇಟ್‌ಗಳು ಬಹಳ ಕಾಲ ಭಾರತ ಸರ್ಕಾರದ ಅಧಿಕಾರಿಗಳ ಕೈಯಲ್ಲೇ ಇದ್ದವು ಅನ್ನುವುದು ಇಂದು ನಮ್ಮವರಿಗೇ ಮರೆತುಹೋಗಿದೆ.

ಈಗ ಊರಿನ ರಾಜಕೀಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು. ತಬ್ರೀಜ್ ಜನರ ಮನೆಮಾತು ತುರ್ಕಿ ಭಾಷೆಯ ಒಂದು ರೂಪ. ರೆಜಾ ಶಾ ಕಾಲದಲ್ಲಿ ಶಾಲೆಯಲ್ಲಿ, ಕಚೇರಿಯಲ್ಲಿ ಎಲ್ಲೆಲ್ಲೂ ಪಾರಸಿ. ತೆರಿಗೆ ಇಲ್ಲಿಂದ ಹೋಗುತ್ತದೆ, ರಸ್ತೆ ಕಾರ್ಖಾನೆ ಟೆಹ್ರಾನ್ ಸುತ್ತ ಆಗುತ್ತವೆ ಅನ್ನುವ ಸಿಟ್ಟು ಹಳೆಯದು. ಇರಾನಿನ ಸಂವಿಧಾನದಲ್ಲಿ ಪ್ರಾಂತೀಯ ಸಭೆಗಳನ್ನು ಕೊಡುತ್ತೇವೆ ಅಂದಿದ್ದರು, ರೆಜಾ ಶಾ ಕಾಲದಲ್ಲಿ ಅವು ಇರಲಿಲ್ಲ. ಇದರ ನಡುವೆ ಜಾಫರ್ ಪಿಶೆವರಿ ಅನ್ನುವ ಹಳೆಯ ಕಮ್ಯುನಿಸ್ಟ್ ಇದ್ದರು. ರೆಜಾ ಶಾ ಜೈಲಿನಲ್ಲಿ ವರ್ಷಗಟ್ಟಲೆ ಕಳೆದು ಹೊರಬಂದವರು. ತಬ್ರೀಜ್‌ನಿಂದ ಸಂಸತ್ತಿಗೆ ಗೆದ್ದರು. 1944ರಲ್ಲಿ ಸಂಸತ್ತು ಅವರ ಆಯ್ಕೆಯನ್ನೇ ತಳ್ಳಿಹಾಕಿತು. ಗೆದ್ದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೆ ಅವನೇನು ಸುಮ್ನೆ ಮನೆಯಲ್ಲಿ ಕೂರುತ್ತಾನಾ?

1945ರ ಸೆಪ್ಟೆಂಬರ್ 3ರಂದು ಅವರು ಅಜೆರ್ಬೈಜಾನ್ ಡೆಮಾಕ್ರಟಿಕ್ ಪಕ್ಷ ಶುರುಮಾಡಿದರು. ನವೆಂಬರ್‌ನಲ್ಲಿ ಟೆಹ್ರಾನ್ ಕಳಿಸಿದ ಸೇನೆಯನ್ನು ಕಜ್ವೀನ್ ಹತ್ತಿರ ಸೋವಿಯತ್ ಪಡೆ ತಡೆದು ನಿಲ್ಲಿಸಿತು. ಡಿಸೆಂಬರ್ 12ಕ್ಕೆ ತಬ್ರೀಜ್‌ನಲ್ಲಿ ಆ ಪಕ್ಷದ ಹೊಸ ಸರ್ಕಾರ ಬಂತು. ಟೆಹ್ರಾನಿನಿಂದ ಬಂದಿದ್ದ ಗವರ್ನರ್ ಜನರಲ್ ಗಂಟುಮೂಟೆ ಕಟ್ಟಿದರು.

ಆಗ ಎರಡು ವಾದ ಇದ್ದವು. ಇದೆಲ್ಲ ಮಾಸ್ಕೋ ಆಡಿಸಿದ ಆಟ ಅನ್ನುವುದು ಒಂದು. ಇಲ್ಲ, ಇದು ಜನರ ಹೋರಾಟ ಅನ್ನುವುದು ಇನ್ನೊಂದು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಳೆಯ ಕಡತಗಳು ಹೊರಬಂದವು. ಅದರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯಾದ ಪೊಲಿಟ್‌ಬ್ಯೂರೋದ 1945ರ ಜುಲೈ 6ರ ನಿರ್ಣಯ ಇದೆ: ಇರಾನಿನ ಅಜೆರ್ಬೈಜಾನ್‌ನಲ್ಲಿ ಪ್ರತ್ಯೇಕತೆಯ ಚಳವಳಿ ಕಟ್ಟಬೇಕು, ಪಕ್ಷ ಹುಟ್ಟುಹಾಕಬೇಕು, ಹೊಣೆ ಸೋವಿಯತ್ ಅಜೆರ್ಬೈಜಾನಿನ ರಾಜಧಾನಿ ಬಾಕುವಿನಲ್ಲಿದ್ದ ಪಕ್ಷದ ಮುಖ್ಯಸ್ಥ ಬಾಘಿರೋವ್‌ದು. ಅಂದರೆ ಮೊದಲನೆಯವರು ಹೇಳಿದ್ದು ನಿಜ. ಹಾಗಂತ ಎರಡನೆಯದು ಸುಳ್ಳಾಗುವುದಿಲ್ಲ. ಒಂದೇ ವರ್ಷದಲ್ಲಿ ಆ ಸರ್ಕಾರ ಮನೆಮಾತಿನಲ್ಲಿ ಶಾಲೆ ನಡೆಸಿತು, ವಿಶ್ವವಿದ್ಯಾಲಯ ತೆರೆಯಿತು, ರೇಡಿಯೋ ಕೇಂದ್ರ ಕಟ್ಟಿತು, ಒಂದಷ್ಟು ಜಮೀನು ಹಂಚಿತು, ಹೆಂಗಸರಿಗೆ ಮತ ಕೊಟ್ಟಿತು. ಜೊತೆಗೆ ಎದುರಾಡಿದವರನ್ನು ಒಳಗೆ ಹಾಕಿತು. ಒಳ್ಳೆಯ ಕಾನ್ಸುಲ್ ಇವೆಲ್ಲವನ್ನೂ ಒಂದೇ ವರದಿಯಲ್ಲಿ ಬರೆಯಬೇಕು. ಕಷ್ಟ ಏನೆಂದರೆ ಅದನ್ನು ಓದುವ ರಾಜಧಾನಿಯವರಿಗೆ ಒಂದೇ ಸಾಲಿನ ಉತ್ತರ ಬೇಕು. 'ಯಾರ ಕಡೆಯವರು ಇವರು, ಹೇಳಿ!' ಈ ಒತ್ತಡ ನನ್ನ ಕಾಲದಲ್ಲೂ ಇತ್ತು, ಈಗಲೂ ಇದೆ.

ಇನ್ನು ದಿನದ ವ್ಯವಹಾರ. ನಿಮ್ಮ ದೇಶ ಮಾನ್ಯತೆ ಕೊಡದ ಸರ್ಕಾರ ಊರು ಆಳುತ್ತಿದೆ, ನಿಮ್ಮ ದೇಶದ ಪಾದ್ರಿಯೊಬ್ಬರನ್ನು ಅದರ ಪೊಲೀಸರು ಹಿಡಿದಿದ್ದಾರೆ ಅಂದುಕೊಳ್ಳಿ. ಅವರ ಹತ್ತಿರ ಹೋಗದೆ ಬಿಡಿಸಲಾಗುವುದಿಲ್ಲ, ಆದರೆ ಹೋದರೆ ಮಾನ್ಯತೆ ಕೊಟ್ಟ ಹಾಗೆ ಆಗಬಾರದು. ನಮ್ಮ ವೃತ್ತಿಯಲ್ಲಿ ಇದಕ್ಕೆ ಹಳೆಯ ದಾರಿಗಳಿವೆ. ಪತ್ರ ಬರೆದರೆ ಹುದ್ದೆ ಹಾಕುವುದಿಲ್ಲ, ಬರೀ ಹೆಸರು. ಸಾಧ್ಯವಾದರೆ ಬರೆಯುವುದೇ ಇಲ್ಲ, ಬಾಯಲ್ಲೇ ಮುಗಿಸುವುದು. ಅವರ ಧ್ವಜಾರೋಹಣಕ್ಕೆ ಕರೆದರೆ ಅವತ್ತು ಹೊಟ್ಟೆ ಕೆಟ್ಟಿರುತ್ತದೆ. ಹೊರಗಿನವರಿಗೆ ಇದು ನಾಟಕದ ಹಾಗೆ ಕಾಣಬಹುದು, ಸ್ವಲ್ಪ ಮಟ್ಟಿಗೆ ನಾಟಕವೇ. ಆದರೆ ಆಚೆ ಕಡೆಯವರೂ ಇದೇ ಆಟ ಆಡುತ್ತಾರೆ. ಕಾನ್ಸುಲ್‌ನಿಂದ ಒಂದು ಕಾಗದದಲ್ಲಿ 'ಮಂತ್ರಿಗಳಿಗೆ' ಅಂತ ಬರೆಸಿಕೊಳ್ಳಲು ಅವರು ಎಷ್ಟು ಕಾಯಿಸಬೇಕೋ ಅಷ್ಟು ಕಾಯಿಸುತ್ತಾರೆ.

ಇದಕ್ಕಿಂತ ಗೋಜಲು ಪ್ರಮಾಣಪತ್ರಗಳದ್ದು. ಅಂಥ ಸರ್ಕಾರದ ಮೊಹರು ಇರುವ ಜನನ ಪತ್ರ ತಂದರೆ ಏನು ಮಾಡಬೇಕು? ಮಗು ಹುಟ್ಟಿಲ್ಲ ಅನ್ನಲಾಗುತ್ತದಾ? ತಬ್ರೀಜ್ ಕಾಲದಲ್ಲಿ ಇದನ್ನು ಅಧಿಕಾರಿಯ ವಿವೇಕಕ್ಕೆ ಬಿಟ್ಟಿದ್ದರು ಅನ್ನಬಹುದು. 1971ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ದಕ್ಷಿಣ ಆಫ್ರಿಕಾ ಅಕ್ರಮವಾಗಿ ಆಳುತ್ತಿದ್ದ ನಮೀಬಿಯಾ ವಿಚಾರದಲ್ಲಿ ಅಭಿಪ್ರಾಯ ಕೊಡುವಾಗ ಈ ಗಂಟನ್ನು ಬಿಡಿಸಿತು. ಆಡಳಿತ ಅಕ್ರಮವೇ ಇರಲಿ, ಹುಟ್ಟು, ಸಾವು, ಮದುವೆ ನೋಂದಣಿಯನ್ನು ಅಲ್ಲಗಳೆದು ಅಲ್ಲಿನ ಜನರಿಗೆ ತೊಂದರೆ ಕೊಡಬಾರದು ಅಂದಿತು. ನನಗೆ ಕೆಲಸಕ್ಕೆ ಬಂದ ತೀರ್ಪುಗಳಲ್ಲಿ ಇದರಷ್ಟು ಸಲ ಇನ್ನಾವುದನ್ನೂ ಬಳಸಿಲ್ಲ.

ತಬ್ರೀಜ್ ಹೆಸರು ದೊಡ್ಡದಾಗಿ ಕೇಳಿಬಂದದ್ದು 1946ರ ಮಾರ್ಚ್‌ನಲ್ಲಿ. ಸೇನೆ ಹೊರಡಬೇಕಿದ್ದ ಗಡುವು ಮಾರ್ಚ್ 2. ಬ್ರಿಟಿಷರು ಹೋದರು, ಸೋವಿಯತ್ ಪಡೆ ಹೋಗಲಿಲ್ಲ. ಆಗ ಅಮೆರಿಕದ ಕಾನ್ಸುಲೇಟ್ ನೋಡಿಕೊಳ್ಳುತ್ತಿದ್ದವರು ರಾಬರ್ಟ್ ರೊಸೊ ಅನ್ನುವ ಯುವ ವೈಸ್ ಕಾನ್ಸುಲ್. ರಾತ್ರಿ ಹೊತ್ತು ಊರು ದಾಟುವ ಟ್ಯಾಂಕ್, ಲಾರಿಗಳನ್ನು ಗಮನಿಸಿ, ಅವು ಗಡಿಯ ಕಡೆಗೆ ಅಲ್ಲ, ಟೆಹ್ರಾನ್ ಮತ್ತು ಟರ್ಕಿ ದಿಕ್ಕಿಗೆ ಹೋಗುತ್ತಿವೆ ಅಂತ ವಾಷಿಂಗ್ಟನ್‌ಗೆ ತಂತಿ ಕಳಿಸಿದರು. ಅಲ್ಲಿ ಅದನ್ನು ನಕ್ಷೆಯ ಮೇಲೆ ಬಾಣದ ಗುರುತು ಹಾಕಿ ವಿದೇಶಾಂಗ ಸಚಿವ ಬರ್ನ್ಸ್ ಮುಂದೆ ಇಟ್ಟರು. ಲಾರಿ ಎಣಿಸುವುದು ಗೂಢಚಾರರ ಕೆಲಸ ಅಲ್ವಾ ಅಂತ ನೀವು ಕೇಳಬಹುದು. ಕಾನೂನುಬದ್ಧವಾಗಿ ಕಣ್ಣಿಗೆ ಬಿದ್ದದ್ದನ್ನು ವರದಿ ಮಾಡುವುದು ಕಾನ್ಸುಲ್ ಕೆಲಸವೇ. ಕಾನ್ಸುಲರ್ ಸಂಬಂಧಗಳ ಬಗ್ಗೆ ಆದ 1963ರ ವಿಯೆನ್ನಾ ಒಪ್ಪಂದದಲ್ಲೂ ಆ ಮಾತಿದೆ, ವ್ಯಾಪಾರ, ಆರ್ಥಿಕತೆ, ಸಂಸ್ಕೃತಿಯ ವಿಚಾರ ಅಂತ ಮೆತ್ತಗೆ ಬರೆದಿದ್ದಾರೆ ಅಷ್ಟೇ.

ಮುಂದಿನದು ಬೇಗ ಮುಗಿಯಿತು. ಭದ್ರತಾ ಮಂಡಳಿಯಲ್ಲಿ ಗಲಾಟೆ ಆಯಿತು. ಇರಾನಿನ ಪ್ರಧಾನಿ ಕವಾಮ್ ಉತ್ತರದ ಎಣ್ಣೆಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಪಾಲು ಕೊಡುವ ಒಪ್ಪಂದಕ್ಕೆ ಏಪ್ರಿಲ್‌ನಲ್ಲಿ ಸಹಿ ಹಾಕಿದರು, ಮೇ ಹೊತ್ತಿಗೆ ಸೋವಿಯತ್ ಸೇನೆ ಹೊರಟಿತು. 1947ರ ಅಕ್ಟೋಬರ್‌ನಲ್ಲಿ ಸಂಸತ್ತು ಆ ಒಪ್ಪಂದವನ್ನು 102ಕ್ಕೆ 2 ಮತದಿಂದ ಬಿಸಾಕಿತು. ಅಷ್ಟರೊಳಗೆ, 1946ರ ಡಿಸೆಂಬರ್‌ನಲ್ಲಿ, ಇರಾನ್ ಸೇನೆ ತಬ್ರೀಜ್‌ಗೆ ವಾಪಸ್ ಬಂದಿತ್ತು. ಪಿಶೆವರಿ ಬಾಕುವಿಗೆ ಓಡಿದರು, ಮರುವರ್ಷ ಕಾರು ಅಪಘಾತದಲ್ಲಿ ಸತ್ತರು. ಊರಲ್ಲಿ ಉಳಿದವರ ಮೇಲೆ ಸೇಡು ತೀರಿಸಿಕೊಂಡರು, ಎಷ್ಟೋ ಜನ ಸತ್ತರು.

ಇಂಥ ಸಮಯದಲ್ಲಿ ನನಗೆ ನೆನಪಾಗುವುದು ಕಾನ್ಸುಲೇಟ್‌ಗಳ ಸ್ಥಳೀಯ ನೌಕರರು. ದುಭಾಷಿ, ಡ್ರೈವರ್, ಗುಮಾಸ್ತ, ಅಡುಗೆಯವರು. ಕಾನ್ಸುಲ್‌ಗೆ ಬೇಕಾದ ಸುದ್ದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇವರಿಂದ. ಊರಿನ ಅಧಿಕಾರ ಬದಲಾದರೆ ಮೊದಲು ವಿಚಾರಣೆಗೆ ಕರೆಸಿಕೊಳ್ಳುವುದೂ ಇವರನ್ನೇ. ಕಾನ್ಸುಲ್‌ಗೆ ಇರುವ ರಕ್ಷಣೆ ಇವರಿಗಿಲ್ಲ, ಇವರು ಅದೇ ದೇಶದ ಪ್ರಜೆಗಳು. ಬಾಗಿಲು ಹಾಕುವ ಆದೇಶ ಬಂದಾಗ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಸಂಕೇತ ಪುಸ್ತಕ ಸುಡುವುದು, ಮೊಹರುಗಳನ್ನು ನಾಶ ಮಾಡುವುದು ಮೇಲೆ ಇರುತ್ತವೆ. ನಾನು ತರಬೇತಿ ಕೊಡುವಾಗ ಅವುಗಳ ಜೊತೆಗೇ ಇನ್ನೆರಡು ಸೇರಿಸುತ್ತಿದ್ದೆ. ಇವರಿಗೆ ಕೆಲವು ತಿಂಗಳ ಸಂಬಳ ಮುಂಗಡ ಕೊಡಿ. ಇವರ ಹೆಸರಿರುವ ಪ್ರತಿಯೊಂದು ಕಾಗದವನ್ನೂ ಹುಡುಕಿ ಅದೇ ಬೆಂಕಿಗೆ ಹಾಕಿ.